ರಿಯೋಹಾದ ದ್ರಾಕ್ಷಿತೋಟಗಳಲ್ಲಿ ದೇವೀಂದ್ರನ ಜೊತೆ

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಹಳೆಯ ಪರಿಚಯದವರು ಎದುರಾದರೆ ಈಗಲೂ ನನ್ನನ್ನು ಕಾಡುತ್ತಾರೆ. “ಏನ್ ಖಾಜಾ ಭೈ, ಪರದೇಶಕ್ಕ ಹೋಗಿ ಎರಡು ದಿನ ಬರೀ ವೈನ್ ಕುಡಕೋತ ತಿರಗ್ಯಾಡಿದ್ಯಂತ! ಖರೇ ಏನು?” ತಿರುಗಾಡಿದ್ದು ಖರೆ. ಕುಡಿದದ್ದು ಸುಳ್ಳು. ನಾನು ಆಗಲೂ ಕುಡಿಯುತ್ತಿರಲಿಲ್ಲ, ಈಗಲೂ ಇಲ್ಲ. ಆದರೆ ಅವರೊಂದಿಗೆ ನಾನೂ ನಕ್ಕು ಮುಂದೆ ಹೋಗುತ್ತೇನೆ. ಆ ಪ್ರವಾಸದಲ್ಲಿ ನಡೆದದ್ದನ್ನು ರಸ್ತೆಯಲ್ಲಿ ನಿಂತು ಹೇಳಲು ಆಗುವುದಿಲ್ಲ. ಕುಳಿತು ಬರೆಯಬೇಕು.

ಬಿಲ್ಬಾವೊ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಾಡಿ ಬಳಿಯ ನಮ್ಮ ಸಿಮೆಂಟ್ ಕಾರ್ಖಾನೆಗೆ ಸ್ಪೇನಿನಿಂದ ಹೊಸ ಯಂತ್ರಗಳು ಬರುವುದಿತ್ತು. ಅವುಗಳ ಕೆಲಸ ಕಲಿತು ಬನ್ನಿ ಎಂದು ನಮ್ಮ ಮೂವರನ್ನು ಬಿಲ್ಬಾವೊ ಎಂಬ ಊರಿಗೆ ಕಳಿಸಿದರು. ನಾನು ವಿದ್ಯುತ್ ವಿಭಾಗದವನು. ಸೇಡಮ್ಮಿನ ಬಸಣ್ಣ ಸುಣ್ಣದ ಕಲ್ಲು ಸುಡುವ ದೊಡ್ಡ ಕುಲುಮೆಯ ಮೇಲ್ವಿಚಾರಕ, ನಮ್ಮಿಬ್ಬರಿಗಿಂತ ಹಿರಿಯ. ಮೂರನೆಯವನು ದೇವೀಂದ್ರ, ಪ್ರಯೋಗಶಾಲೆಯ ಕೆಮಿಸ್ಟ್. ಚಿಂಚೋಳಿಯ ಆಚೆ, ಕುಂಚಾವರಂ ಕಾಡಿನ ಅಂಚಿನ ಹಳ್ಳಿಯವನು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ನನ್ನ ಅಮ್ಮನೊಂದಿಗೆ ಚೆಂದದ ದಖನಿ ಉರ್ದು. ಮಾತು ಎಷ್ಟು ಮೆತ್ತಗೆಂದರೆ, ಕಾರ್ಖಾನೆಯ ಗದ್ದಲದಲ್ಲಿ ಅವನು ಹೇಳಿದ್ದು ಕೇಳಲು ಅವನ ತುಟಿಯ ಹತ್ತಿರ ಕಿವಿ ಒಯ್ಯಬೇಕಿತ್ತು.

ಆ ದೇವೀಂದ್ರ ಒಂದು ವರ್ಷದಿಂದ ಬೇರೆ ಮನುಷ್ಯನಾಗಿದ್ದ. ದೊಡ್ಡ ದನಿಯಲ್ಲಿ ನಗುತ್ತಿದ್ದ, ನಗಬಾರದ ಕಡೆ ನಗುತ್ತಿದ್ದ. ಒಮ್ಮೆ ಸುಮ್ಮನಾದರೆ ಗೋಡೆ ನೋಡುತ್ತ ಕೂತುಬಿಡುತ್ತಿದ್ದ. ಮಗಳು ಹುಟ್ಟಿದ ಮೇಲೆ ಜವಾಬ್ದಾರಿ ಬಂದಿದೆ, ಅದಕ್ಕೆ ಹೀಗೆ ಎಂದು ಕೆಲವರು. ಪರದೇಶಕ್ಕೆ ಆಯ್ಕೆಯಾದ ಸೊಕ್ಕು ಎಂದು ಕೆಲವರು. ಬಸಣ್ಣ ಎರಡನೆಯ ಗುಂಪಿನವನು.

ಬಿಲ್ಬಾವೊದಲ್ಲಿ ನಮಗೆ ಒಂದು ಹಳೆಯ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಮನೆ ಕೊಟ್ಟಿದ್ದರು. ನಮ್ಮ ಕಡೆ ಧೂಳು ಇದ್ದಂತೆ ಅಲ್ಲಿ ಮಸಿ. ಹೊಳೆ ತುಕ್ಕಿನ ಬಣ್ಣದ್ದು. ಮಳೆ ಎನ್ನಲಾಗದಷ್ಟು ಸಣ್ಣ ಮಳೆ ದಿನವಿಡೀ ಬೀಳುತ್ತಿತ್ತು. ಕೊಡೆ ಬಿಚ್ಚಿದರೆ ನಾಚಿಕೆ, ಬಿಚ್ಚದಿದ್ದರೆ ನೆಗಡಿ. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲವದು. ಗಂಡಸರು ಕೆಲಸವಿಲ್ಲದೆ ಗೋಡೆಗೆ ಒರಗಿ ನಿಂತಿರುತ್ತಿದ್ದರು. ನಾವು ಮೂವರು ಕರಿಯರು ಹೋದರೆ ಆ ಕಣ್ಣುಗಳು ನಮ್ಮ ಹಿಂದೆಯೇ ಬರುತ್ತಿದ್ದವು.

ಒಂದು ಸಂಜೆ ನಾನು, ಬಸಣ್ಣ ಸಂತೆಯಿಂದ ಬಂದು ಬಾಗಿಲು ತೆರೆದರೆ ಮೂಗು ಕಟ್ಟುವಷ್ಟು ಗ್ಯಾಸು. ಒಲೆಯ ಗುಂಡಿ ತಿರುವಿದಂತೆಯೇ ಇತ್ತು, ಉರಿ ಇರಲಿಲ್ಲ. ಒಲೆಯ ಪಕ್ಕದಲ್ಲೇ ದೇವೀಂದ್ರ ಕುರ್ಚಿ ಹಾಕಿಕೊಂಡು ಪೇಪರಿನ ಚಿತ್ರ ನೋಡುತ್ತಿದ್ದ. ನಾನು ಓಡಿಹೋಗಿ ಕಿಟಕಿ ತೆರೆದೆ. ಬಸಣ್ಣ ಅವನ ರಟ್ಟೆ ಹಿಡಿದು ಎಬ್ಬಿಸಿದ.

“ಏನಾಗ್ಯಾದಲೇ ನಿನಗ? ಮಗ್ಗಲ್ದಾಗೇ ಗ್ಯಾಸ್ ಸೋರಲಿಕತ್ತದ, ರಾಜನಂಗ ಕುಂತೀದಿ!”

“ನನಗ ಯಾರು ಹೇಳಿದ್ರಿ?” ಎಂದ ದೇವೀಂದ್ರ. ಆಮೇಲೆ ನಗಲು ಶುರುಮಾಡಿದ. ಬಸಣ್ಣ ಆವತ್ತು ಊಟ ಮಾಡಲಿಲ್ಲ.

ನಮಗೆ ಕೆಲಸ ಕಲಿಸುತ್ತಿದ್ದ ಇಂಜಿನಿಯರ್ ಇನ್ಯಾಕಿ ಎಂಬವನು ನಮ್ಮದೇ ವಯಸ್ಸಿನ, ಕಡಿಮೆ ಮಾತಿನ ಮನುಷ್ಯ. ಅವನಿಗೆ ನಮ್ಮ ಮೂವರ ನಡುವಿನ ಬಿಗುವು ಕಂಡಿರಬೇಕು. ಬೆಟ್ಟದ ಆಚೆ ರಿಯೋಹಾ ಎಂಬ ಸೀಮೆಯಲ್ಲಿ ದ್ರಾಕ್ಷಿ ಕೊಯ್ಲು ನಡೆದಿದೆ, ಶನಿವಾರ ಭಾನುವಾರ ಎಲ್ಲರೂ ಹೋಗಿಬರೋಣ, ಲೊಗ್ರೊನ್ಯೊ ಊರಿನಲ್ಲಿ ನನ್ನ ತಂಗಿಯ ಮನೆಯಿದೆ ಎಂದ. ವೈನ್ ರುಚಿ ನೋಡುವ ಪ್ರವಾಸ. ನಾನು ಕುಡಿಯುವುದಿಲ್ಲವಲ್ಲ ಎಂದೆ. “ಮೂಗು ಇದೆಯಲ್ಲ, ಅರ್ಧ ಕೆಲಸ ಅದರದೇ” ಎಂದ ಇನ್ಯಾಕಿ.

ದಾರಿಯಲ್ಲಿ

ಘಟ್ಟ ದಾಟುವ ಮೊದಲು ಪೊಲೀಸರು ಕಾರು ನಿಲ್ಲಿಸಿದರು. ಆ ದಿನಗಳಲ್ಲಿ ಅಲ್ಲಿ ಬೇರೆ ದೇಶ ಕೇಳುವವರ ಬಾಂಬು, ಗುಂಡಿನ ಸುದ್ದಿ ದಿನವೂ ಇತ್ತು. ತಪಾಸಣೆಯೂ ದಿನವೂ ಇತ್ತು. ಅವರ ತಲೆಯ ಮೇಲೆ ಮಿರಿಮಿರಿ ಮಿಂಚುವ ಕರಿಯ ಟೋಪಿ, ಹಿಂಭಾಗ ಚಪ್ಪಟೆಯಾಗಿ ಬಡಿದಂತಿರುವುದು. ಕೈಯಲ್ಲಿ ಬಂದೂಕು. ಇನ್ಯಾಕಿಯ ಬೆರಳುಗಳು ಸ್ಟೀರಿಂಗಿನ ಮೇಲೆ ಬೆಳ್ಳಗಾಗಿದ್ದವು. ನಾನು ಪಾಸ್‌ಪೋರ್ಟುಗಳನ್ನು ಕಿಟಕಿಯಿಂದ ಚಾಚಿದೆ.

ಆಗ ದೇವೀಂದ್ರ ನಗಲಾರಂಭಿಸಿದ. “ಖಾಜಾ, ಅವನ ಟೋಪಿ ನೋಡೋ! ನಮ್ಮ ಕಡಿ ಬ್ಯಾಂಡಿನವ್ರು ಇದ್ದಂಗ ಇದ್ದಾನ!”

“ದೇವ್ಯಾ, ಬಾಯಿ ಮುಚ್ಚು. ಕೈಯಾಗ ಬಂದೂಕ ಅದ.”

ಅವನು ನಿಲ್ಲಿಸಲಿಲ್ಲ. ನಿಲ್ಲಿಸಲು ಪ್ರಯತ್ನಿಸಿದಂತೆ ಕಂಡಿತು, ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಪೊಲೀಸನೊಬ್ಬ ಬಾಗಿ ಒಳಗೆ ನೋಡಿದ. ನಮ್ಮ ನಾಲ್ವರನ್ನೂ ಇಳಿಸಿ, ಮೈಕೈ ತಡವಿ, ಕಾರಿನೊಳಗಿನ ಎಲ್ಲವನ್ನೂ ಕಿತ್ತು ನೋಡಿ, ಬಹಳ ಹೊತ್ತು ಗಾಳಿಯಲ್ಲಿ ನಿಲ್ಲಿಸಿ ಬಿಟ್ಟರು. ಮತ್ತೆ ಕಾರು ಹತ್ತಿದೆವು.

ಘಟ್ಟ ಇಳಿದದ್ದೇ ಮಳೆ ಮಾಯ. ಬಯಲು ತುಂಬ ಬಿಸಿಲು, ಕಣ್ಣು ಹಾಯುವವರೆಗೆ ದ್ರಾಕ್ಷಿ. ನಾನು ನಮ್ಮ ವಿಜಾಪುರದ ಕಡೆಯ ಚಪ್ಪರದ ದ್ರಾಕ್ಷಿ ಕಲ್ಪಿಸಿಕೊಂಡಿದ್ದೆ. ಇಲ್ಲಿ ಗಿಡ ಮೊಣಕಾಲೆತ್ತರ, ಸೇಡಮ್ಮಿನ ತೊಗರಿಗಿಂತಲೂ ಗಿಡ್ಡ. ಎಲೆಗಳು ಕೆಂಪಾಗಿದ್ದವು. ನೆಲದಲ್ಲಿ ಬಿಳಿ ಸುಣ್ಣದ ಕಲ್ಲಿನ ಚೂರು. ಬಸಣ್ಣ ಕಾರು ನಿಲ್ಲಿಸಲು ಹೇಳಿ, ಇಳಿದು ಒಂದು ಚೂರು ಎತ್ತಿಕೊಂಡು, ಬೆರಳಲ್ಲಿ ಉಜ್ಜಿ, “ನಮ್ಮ ರಾವೂರ ಕಲ್ಲೇ ಅದ ನೋಡ್ರಿ. ನಾವು ಸುಡ್ತೀವಿ, ಇವರು ಇದರಾಗ ಬಿತ್ತತಾರ” ಎಂದ. ಆ ದಿನ ಅವನಾಡಿದ ಒಂದೇ ಒಳ್ಳೆಯ ಮಾತು ಅದು.

ಆರೋ

ಊರಿನ ಹೆಸರನ್ನು ಹಾರೋ ಎಂದು ಬರೆದು ಆರೋ ಎಂದು ಓದುತ್ತಾರೆ. ರೈಲು ನಿಲ್ದಾಣದ ಸುತ್ತಲೇ ವೈನ್ ತಯಾರಿಸುವ ಹಳೆಯ ಕಟ್ಟಡಗಳು ಮುತ್ತಿಕೊಂಡಿವೆ. ವಾಡಿ ಜಂಕ್ಷನ್ನಿನ ಸುತ್ತ ನಮ್ಮ ಬದುಕು ಬೆಳೆದ ಹಾಗೆಯೇ. ಅಲ್ಲಿ ಗಾಡಿಗಳಿಗೆ ತುಂಬುವುದು ಸಿಮೆಂಟು, ಇಲ್ಲಿ ಪೀಪಾಯಿ.

ಒಂದು ಕಟ್ಟಡದ ನೆಲಮಾಳಿಗೆಗೆ ಕರೆದೊಯ್ದರು. ಚಳಿ, ಕತ್ತಲೆ, ಗೋಡೆಗಳ ಮೇಲೆ ಬೂಷ್ಟು. ಚಪ್ಪಟೆ ಟೋಪಿಯ ಒಬ್ಬ ಮುದುಕ ಪೀಪಾಯಿಯಿಂದ ಗಾಜಿನ ನಳಿಗೆಯಲ್ಲಿ ವೈನ್ ಎಳೆದು ಲೋಟಗಳಿಗೆ ಬಿಟ್ಟ. ಲೋಟ ಆಡಿಸಬೇಕು, ಮೂಸಬೇಕು, ಬಾಯಿತುಂಬ ತೆಗೆದುಕೊಂಡು ಗುಳುಗುಳು ಮಾಡಬೇಕು, ಆಮೇಲೆ ಬಕೆಟ್ಟಿಗೆ ಉಗುಳಬೇಕು. ಬಸಣ್ಣನಿಗೆ ನಂಬಿಕೆಯೇ ಬರಲಿಲ್ಲ. “ಇಷ್ಟು ವರ್ಷ ಕಾದು ಇಟ್ಟಿದ್ದು ಉಗುಳಾಕೇನ್ರಿ?” ಎಂದು ನನ್ನ ಕಿವಿಯಲ್ಲಿ ಕೇಳಿದ. ಎಲೆ ಅಡಿಕೆ ಉಗುಳಿದ್ದಕ್ಕೆ ಮ್ಯಾನೇಜರರಿಂದ ಬೈಸಿಕೊಂಡವನು ಅವನು.

ಮುದುಕ ಒಬ್ಬೊಬ್ಬರನ್ನೇ ಕೇಳಿದ: ಏನು ವಾಸನೆ? ಬಸಣ್ಣ ಯೋಚಿಸಿ, ಬೆಲ್ಲದ ಪಾಕ ಹತ್ತಿದಾಗ ಬರುತ್ತದಲ್ಲ, ಅದು ಎಂದ. ನನಗೆ ಹುಣಸೆ, ಮತ್ತೆ ಅದರ ಹಿಂದೆ ಟಾಂಗಾದ ಹಳೆಯ ಚರ್ಮದ ಸೀಟು. ನಾನು ಇಂಗ್ಲಿಷಿಗೆ, ಇನ್ಯಾಕಿ ಸ್ಪ್ಯಾನಿಷಿಗೆ ತಿರುಗಿಸಿದಾಗ ಮುದುಕ ನಮ್ಮಿಬ್ಬರ ಬೆನ್ನು ತಟ್ಟಿದ.

ದೇವೀಂದ್ರ ಮೂಸಲಿಲ್ಲ. ಒಂದೇ ಗುಟುಕಿಗೆ ನುಂಗಿ, “ನೀರು,” ಎಂದ. “ಹುಳಿ ನೀರು.”

ಇನ್ಯಾಕಿ ಅದನ್ನು ಬೇರೆ ಏನೋ ಮಾಡಿ ಹೇಳಿದ. ಆದರೆ ಮುದುಕನಿಗೆ ಮುಖ ಓದಲು ಬರುತ್ತಿತ್ತು. ಅವನು ಮೂಲೆಗೆ ಹೋಗಿ ಮೇಣದ ಮೊಹರಿನ ಒಂದು ಹಳೆಯ ಬಾಟಲಿ ತಂದು, ತೆರೆದು, ದೇವೀಂದ್ರನಿಗೊಬ್ಬನಿಗೇ ಹಾಕಿಕೊಟ್ಟ. ನೆಲಮಾಳಿಗೆಯ ತುಂಬ ಒಣಗಿದ ಹೂವಿನಂಥ ಕಂಪು ಹರಡಿತು. ದೂರ ನಿಂತಿದ್ದ ನನಗೂ ಬಂತು. ದೇವೀಂದ್ರ ಈ ಸಲ ಲೋಟವನ್ನು ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ಲೋಟ ಕೆಳಗಿಟ್ಟು ಮೆಟ್ಟಿಲು ಹತ್ತಿದ. ಹತ್ತುವಾಗ ಬಾಗಿಲ ಚೌಕಟ್ಟಿಗೆ ಬಲಭುಜ ಬಡಿದುಕೊಂಡ.

ಲಾಗ್ವಾರ್ದಿಯಾ

ಗುಡ್ಡದ ಮೇಲೆ ಕೋಟೆಯೊಳಗಿನ ಸಣ್ಣ ಊರು. ಪ್ರತಿ ಮನೆಯ ಕೆಳಗೂ ವೈನಿನ ಗುಹೆ ಇರುವುದರಿಂದ ಬೀದಿಗೆ ಭಾರದ ಗಾಡಿ ಬಿಡುವುದಿಲ್ಲ. ಕೋಟೆಯ ಕೆಳಗೆ ತೋಟಗಳಲ್ಲಿ ದಕ್ಷಿಣದಿಂದ ಬಂದ ಕೂಲಿಯವರು ಕೊಯ್ಯುತ್ತಿದ್ದರು. ಹೆಂಗಸರು, ಗಂಡಸರು, ಬಾಗಿದ ಬೆನ್ನು, ಮೊಣಕೈವರೆಗೆ ಕಪ್ಪು ಕಲೆ. ಒಂದು ಕೊಟ್ಟಿಗೆಯಲ್ಲಿ ಅವರ ಅಡುಗೆ, ಅಲ್ಲೇ ಮಲಗುವುದು. ಕಲ್ಲಿನ ಗಣಿಗಳ ಪಕ್ಕದಲ್ಲಿ ಹಾಕಿಕೊಂಡ ನಮ್ಮ ವಡ್ಡರ ಗುಡಿಸಲುಗಳನ್ನು ನೋಡಿ ಬೆಳೆದವನಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ದುಬಾರಿ ವೈನಿನ ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಆ ಕೊಟ್ಟಿಗೆಯ ಚಿತ್ರ ಎಲ್ಲಿಯೂ ಕಾಣಲಿಲ್ಲ, ಅಷ್ಟೆ.

ಊಟದ ಮನೆಯಲ್ಲಿ ದ್ರಾಕ್ಷಿ ಕಡ್ಡಿಯ ಕೆಂಡದ ಮೇಲೆ ಕುರಿಯ ಪಕ್ಕೆ ಸುಡುತ್ತಿದ್ದರು. ನಾನು ಸ್ಪ್ಯಾನಿಷಿನಲ್ಲಿ ಕಲಿತ ಮೊದಲ ಶಬ್ದ ಹಂದಿ. ಪ್ರತಿ ತಟ್ಟೆಯನ್ನೂ ತೋರಿಸಿ “ಸೆರ್ದೊ?” ಎಂದು ಕೇಳುವುದು ನನ್ನ ರೂಢಿ. ಬಡಿಸುವವಳು ಇಲ್ಲ ಇಲ್ಲ ಎಂದು ಆಣೆಯಿಟ್ಟಳು, ಆಮೇಲೆ ರುಚಿಗೆ ಸ್ವಲ್ಪ ಎಂದು ಸೇರಿಸಿದಳು. ನಾನು ಮೊಟ್ಟೆ, ಸುಟ್ಟ ಮೆಣಸಿನಕಾಯಿ ತಿಂದೆ.

ಅಲ್ಲಿನವರು ಉದ್ದ ಮೂತಿಯ ಗಾಜಿನ ಹೂಜಿಯನ್ನು ಎತ್ತಿಹಿಡಿದು, ತುಟಿಗೆ ತಾಗಿಸದೆ, ವೈನನ್ನು ಧಾರೆಯಾಗಿ ಬಾಯಿಗೆ ಬಿಟ್ಟುಕೊಳ್ಳುತ್ತಾರೆ. ಪರದೇಶದವರು ಮೈಮೇಲೆ ಚೆಲ್ಲಿಕೊಂಡರೆ ಅವರಿಗೆ ಮಜಾ. ನಮ್ಮವರಿಗೆ ಇದೇನು ದೊಡ್ಡದು? ತಂಬಿಗೆ ಎತ್ತಿ ನೀರು ಕುಡಿದು ಬೆಳೆದವರು. ಬಸಣ್ಣ ಒಂದು ಹನಿ ಚೆಲ್ಲದೆ ಕುಡಿದಾಗ ಇಡೀ ಊಟದ ಮನೆ ಚಪ್ಪಾಳೆ ತಟ್ಟಿತು. ದೇವೀಂದ್ರ ಹೂಜಿ ಕಸಿದುಕೊಂಡ. ಕೆಂಪು ಧಾರೆ ಅವನ ಕೆನ್ನೆಗೆ, ಕಿವಿಗೆ, ಬಿಳಿ ಅಂಗಿಗೆ ಬಿತ್ತು. ಬಾಯಿ ತೆರೆದುಕೊಂಡೇ ಇತ್ತು. ಧಾರೆ ಎಲ್ಲಿ ಬೀಳುತ್ತಿದೆ ಎಂಬುದು ಅವನಿಗೆ ಗೊತ್ತಾದಂತೆ ಕಾಣಲಿಲ್ಲ. ಜನ ನಕ್ಕರು. ಅವನೂ ನಕ್ಕ. ನಗುನಗುತ್ತಲೇ ಪಕ್ಕದ ಮೇಜಿನ ಮುದುಕನ ತಟ್ಟೆಗೆ ಕೈ ಹಾಕಿ ಒಂದು ಪಕ್ಕೆ ಎತ್ತಿ ಕಚ್ಚಿದ.

ನಗು ನಿಂತಿತು. ಆ ಮುದುಕ ದೇವೀಂದ್ರನ ಮುಖವನ್ನು ಒಂದು ಕ್ಷಣ ನೋಡಿ, ತಟ್ಟೆಯನ್ನೇ ಅವನ ಕಡೆ ಸರಿಸಿದ. ತಿನ್ನು ಎಂದು ಕೈಯಲ್ಲಿ ತೋರಿಸಿದ. ಬಸಣ್ಣ ಎದ್ದು ಹೊರಗೆ ಹೋದ.

ನಾನು ಹಿಂದೆ ಹೋದೆ. “ಇನ್ನ ನಾ ಇವನ ಸಂಗಾಟ ಮಾತಾಡಂಗಿಲ್ಲ ಖಾಜಾ,” ಎಂದ ಬಸಣ್ಣ. “ನಮ್ಮ ಊರಿನ ಮಾನ ತಗದ.”

ಲೊಗ್ರೊನ್ಯೊ

ಇನ್ಯಾಕಿಯ ತಂಗಿ ಮಾಯ್ತೆ ಕಣ್ಣಿನ ಡಾಕ್ಟರು. ಭಾನುವಾರ ಮಧ್ಯಾಹ್ನದ ಊಟಕ್ಕೆ ಅವಳ ಮನೆಗೆ ಹೋದೆವು. ಬಾಗಿಲಲ್ಲೇ ಎರಡೂ ಕೆನ್ನೆಗೆ ಮುತ್ತಿಟ್ಟು ಬರಮಾಡಿಕೊಳ್ಳುವ ಅವರ ರೀತಿಗೆ ಬಸಣ್ಣ ಕೈಮುಗಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದ. ಅವಳಿಗೆ ನಗು ಬಂತು. ಅದು ಬಹಳ ಹೊತ್ತು ಉಳಿಯಲಿಲ್ಲ.

ಊಟದಲ್ಲಿ ದೇವೀಂದ್ರ ಬಾಟಲಿ ತೆಗೆದುಕೊಂಡು ತನ್ನ ಲೋಟಕ್ಕೆ ವೈನ್ ಹಾಕಿಕೊಂಡ. ವೈನ್ ಲೋಟದ ಪಕ್ಕದ ಮೇಜುಬಟ್ಟೆಯ ಮೇಲೆ ಬಿತ್ತು. ಅವನು ಹಾಕುತ್ತಲೇ ಇದ್ದ. ನಾನು ಕೈ ಹಿಡಿದೆ. ಮಾಯ್ತೆ ಬಟ್ಟೆಯ ಕಡೆ ನೋಡಲಿಲ್ಲ, ಅವನ ಕಣ್ಣನ್ನು ನೋಡಿದಳು. ಇನ್ಯಾಕಿಗೆ ಏನೋ ಕೇಳಿದಳು. ಅವನು ನನಗೆ ಕೇಳಿದ: ಇವನು ಮೊದಲಿಂದಲೂ ಹೀಗೆಯೋ? ನಾನು ಒಂದೊಂದಾಗಿ ಹೇಳಿದೆ. ಪೊಲೀಸರ ಎದುರಿನ ನಗು, ಬಾಗಿಲಿಗೆ ಬಡಿದುಕೊಂಡದ್ದು, ಗ್ಯಾಸು. ಗ್ಯಾಸು ಎಂದೊಡನೆ ಅವಳು ಎದ್ದು ಅಡುಗೆಮನೆಗೆ ಹೋದಳು.

ಕಿತ್ತಳೆ ಸಿಪ್ಪೆ, ಕಾಫಿಪುಡಿ, ಸಾಬೂನು ತಂದಳು. ಕಣ್ಣು ಮುಚ್ಚು ಎಂದಳು. ಒಂದೊಂದನ್ನೇ ಅವನ ಮೂಗಿನ ಹತ್ತಿರ ಹಿಡಿದಳು. ದೇವೀಂದ್ರ ಕಣ್ಣುಮುಚ್ಚಿ ಕೂತಿದ್ದ. ಸಿಪ್ಪೆಗೂ ಏನೂ ಹೇಳಲಿಲ್ಲ, ಕಾಫಿಗೂ ಏನೂ ಹೇಳಲಿಲ್ಲ. ಆಮೇಲೆ ಪರದೆ ಎಳೆದು, ಸಣ್ಣ ದೀಪ ಹಿಡಿದು ಅವನ ಕಣ್ಣಿನೊಳಗೆ ನೋಡಿದಳು. ಎಡಗಣ್ಣು, ಬಲಗಣ್ಣು, ಮತ್ತೆ ಎಡಗಣ್ಣು. ದೀಪ ಆರಿಸಿ ಅಣ್ಣನನ್ನು ಒಳಗೆ ಕರೆದಳು. ಒಳಗೆ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಇನ್ಯಾಕಿ ಬಂದು ನನ್ನ ಪಕ್ಕ ಕೂತ. ಹಣೆಯ ಹಿಂದೆ, ತಲೆಬುರುಡೆಯೊಳಗೆ ಏನೋ ಬೆಳೆದಿರಬೇಕು ಎನ್ನುತ್ತಾಳೆ. ಅದು ಮೊದಲು ವಾಸನೆ ಕಸಿಯುತ್ತದೆ, ಆಮೇಲೆ ಸ್ವಭಾವ, ಆಮೇಲೆ ಕಣ್ಣು. ನಾಳೆಯೇ ಆಸ್ಪತ್ರೆಗೆ ಹೋಗಬೇಕು.

ನಾನು ಕನ್ನಡದಲ್ಲಿ ಹೇಳಿದೆ. ದೇವೀಂದ್ರ ಕುರ್ಚಿ ಒದ್ದು ಎದ್ದ. “ನನಗ ಏನೂ ಆಗಿಲ್ಲ! ನೀವೆಲ್ಲಾರು ಕೂಡಿ ನನಗ ಹುಚ್ಚ ಮಾಡಲಿಕತ್ತೀರಿ!” ಎಂದು ಕೂಗಿ ಬಾಗಿಲು ತೆರೆದು ಹೊರಟ.

ಎಬ್ರೊ ನದಿಯ ಸೇತುವೆಯ ಮೇಲೆ ಅವನನ್ನು ಹಿಡಿದೆ. ಕಟಾಂಜನ ಹಿಡಿದು ನಿಂತಿದ್ದ. ಕೆಳಗೆ ನೀರು ಮಂದವಾಗಿ ಹರಿಯುತ್ತಿತ್ತು, ಬೇಸಿಗೆಯ ಮೊದಲಿನ ಕಾಗಿಣಾ ನದಿಯಷ್ಟೇ. ಭಾನುವಾರದ ಮಧ್ಯಾಹ್ನ ಆ ದೇಶ ಮಲಗಿಬಿಡುತ್ತದೆ. ಸೇತುವೆಯ ಮೇಲೆ ನಾವಿಬ್ಬರೇ.

“ನನಗ ವಾಸನಿ ಬರಂಗಿಲ್ಲೋ ಖಾಜಾ,” ಎಂದ. ದನಿ ಮೆತ್ತಗಿತ್ತು.

“ಎಂದಿನಿಂದ?”

“ಗೊತ್ತಿಲ್ಲ. ಮಗಳು ಹುಟ್ಟಿದಾಗ ತಿಳೀತು. ಬಾಣಂತಿ ಕ್ವಾಣ್ಯಾಗ ಲೋಬಾನ ಹಾಕಿದ್ರು. ಹೊಗಿ ಕಾಣಸ್ತಿತ್ತು, ವಾಸನಿ ಇಲ್ಲ. ಕೂಸಿನ ನೆತ್ತಿ ಮೂಸಿದೆ. ಏನೂ ಇಲ್ಲ. ಎಣ್ಣಿ ಹಚ್ಚಿಲ್ಲೇನಂತ ಹೆಂಡತಿಗಿ ಕೇಳಿದೆ. ಈಗರೆ ಹಚ್ಚೀನಲ್ರಿ ಅಂದಳು.”

“ದವಾಖಾನಿಗಿ ಯಾಕ ಹೋಗಲಿಲ್ಲ?”

“ಮೂಗಿನ ಸಲುವಾಗಿ ಯಾರರೆ ಹೋಗ್ತಾರೇನು? ಕಾರ್ಖಾನಿ ಧೂಳು ಅಂದ್ಕೊಂಡೆ.” ಕಟಾಂಜನವನ್ನು ಅಂಗೈಯಲ್ಲಿ ಉಜ್ಜಿದ. “ಒಮ್ಮೊಮ್ಮಿ ನಾ ಏನ್ ಮಾಡಾಕತ್ತೀನಿ ನನಗೇ ತಿಳಿಯಂಗಿಲ್ಲ. ನಿನ್ನಿ ಆ ಮುದುಕನ ತಾಟಿಗಿ ಕೈ ಹಾಕಿದೆ. ಹಾಕಿದ ಮ್ಯಾಲ ತಿಳೀತು. ಬಸಣ್ಣ ನನ್ನ ಮಾರಿ ನೋಡವಲ್ಲ. ನಾ ಭಾಳ ಅಂಜೀನಿ ಖಾಜಾ.”

ಅವನ ಪಕ್ಕ ಕಟಾಂಜನಕ್ಕೆ ಒರಗಿ ನಿಂತೆ. ವರ್ಷದ ನಂತರ ನನ್ನ ಗೆಳೆಯನೊಂದಿಗೆ ಮಾತಾಡಿದಂತಾಗಿತ್ತು, ಅದು ಇಂಥ ಮಾತಾಗಿತ್ತು.

ಮತ್ತೆ ಬಿಲ್ಬಾವೊ

ಯಂತ್ರದಲ್ಲಿ ಮಲಗಿಸಿ ತಲೆಯ ಚಿತ್ರ ತೆಗೆದರು. ಹಣೆಯ ಹಿಂದೆ ನಿಂಬೆಹಣ್ಣಿಗಿಂತ ದೊಡ್ಡ ಗಂಟು. ತಡಮಾಡಿದರೆ ಜೀವಕ್ಕೆ ಅಪಾಯ, ವಿಮಾನದ ಪ್ರಯಾಣ ಬೇಡ ಎಂದರು ಡಾಕ್ಟರು. ತೆಗೆಯಬಹುದು, ಆದರೆ ಕಣ್ಣಿನ ನರಗಳಿಗೆ ಅಂಟಿಕೊಂಡಿದೆ, ಆ ಬಗ್ಗೆ ಮಾತು ಕೊಡಲಾರೆವು ಎಂದರು.

“ಊರಿಗಿ ಒಯ್ಯಾಮು,” ಎಂದ ಬಸಣ್ಣ. “ಹೆಂಡತಿ ಮಕ್ಕಳು ಇಲ್ಲದ ಜಾಗಾದಾಗ ತಲಿ ಕೊಯ್ಯೋದಂದ್ರ ಹ್ಯಾಂಗ?”

ನಾನು ಇಲ್ಲೇ ಆಗಲಿ ಎಂದೆ. ಆಸ್ಪತ್ರೆಯ ವರಾಂಡದಲ್ಲಿ ನಾವಿಬ್ಬರೂ ದನಿ ಏರಿಸಿದೆವು. ದೇವೀಂದ್ರ ಮಂಚದ ಮೇಲಿಂದಲೇ ಕರೆದ.

“ಜಗಳ ಆಡಬ್ಯಾಡ್ರಿ. ಇಲ್ಲೇ ಮಾಡಲಿ. ಊರಿಗಿ ಹೋಗೋದ್ರಾಗ ನಾ ಪೂರಾ ಹುಚ್ಚ ಆದ್ರ? ಆಕಿ ಅದನ್ನ ನೋಡೋದು ಬ್ಯಾಡ.”

ಕಾರ್ಖಾನೆಗೆ ಟ್ರಂಕ್ ಕಾಲ್ ಮಾಡಿದೆವು. ಗೊರಗೊರ ಸದ್ದಿನ ನಡುವೆ ಎಷ್ಟು ಕೇಳಿಸಿತೋ, ಅವನ ಹೆಂಡತಿಗೆ ಎಷ್ಟು ತಲುಪಿತೋ. ಅವಳು ದೇವರ ಮುಂದೆ ಕೂತವಳು ಏಳಲಿಲ್ಲ ಎಂದು ಆಮೇಲೆ ತಿಳಿಯಿತು.

ಆಪರೇಷನ್ನಿನ ಬೆಳಿಗ್ಗೆ ಅವನ ತಲೆ ಬೋಳಿಸಿದರು. ಲಾಗ್ವಾರ್ದಿಯಾದಿಂದ ಅವನೊಡನೆ ನೇರವಾಗಿ ಮಾತಾಡದಿದ್ದ ಬಸಣ್ಣ ಮಂಚದ ಹತ್ತಿರ ಬಂದ. ಆ ಬೋಳುತಲೆಯ ಮೇಲೆ ತನ್ನ ದೊಡ್ಡ ಕೈ ಇಟ್ಟ. ಇಟ್ಟ ಕೈ ತೆಗೆಯಲಿಲ್ಲ. ದೇವೀಂದ್ರನೇ ಹೇಳಿದ, “ಆಯ್ತು ಬಿಡ್ರಿ ಬಸಣ್ಣ. ಹೋಗಿ ಬರ್ತೀನಿ.” ಗಾಲಿಮಂಚ ತಳ್ಳಿಕೊಂಡು ಹೋದರು. ಇನ್ಯಾಕಿ, ಮಾಯ್ತೆ, ನಾವಿಬ್ಬರು ಒಂದೇ ಬೆಂಚಿನ ಮೇಲೆ ಕೂತೆವು. ಮಾಯ್ತೆ ತನ್ನ ಜಪಮಾಲೆ ಎಣಿಸುತ್ತಿದ್ದಳು. ಬಸಣ್ಣ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಿದ್ದ. ನಾನು ನನಗೆ ಬರುವ ದುವಾ ಎಲ್ಲ ಓದಿದೆ.

ಓದುವವರನ್ನು ಕಾಯಿಸುವುದಿಲ್ಲ: ದೇವೀಂದ್ರ ಬದುಕಿದ. ಈಗ ಚಿಂಚೋಳಿಯಲ್ಲಿ ಗಂಡಹೆಂಡತಿ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಹಿಟ್ಟು ನುಣ್ಣಗಾಯಿತೋ ಇಲ್ಲವೋ ಎಂದು ಅವನು ಬೆರಳಲ್ಲಿ ಉಜ್ಜಿ ಹೇಳುತ್ತಾನೆ. ಮಗಳು ಅವನ ಕೈಹಿಡಿದು ಮನೆಗೆ ಕರೆದೊಯ್ಯುತ್ತಾಳೆ. ಹಬ್ಬಕ್ಕೆ ನಾನು ಹೋಗುತ್ತೇನೆ, ಬಸಣ್ಣನೂ ಬರುತ್ತಾನೆ.

ಆದರೆ ನನ್ನ ಮನಸ್ಸು ಆ ಆಸ್ಪತ್ರೆಯ ಕೋಣೆಯಿಂದ ಹೊರಬಂದಿಲ್ಲ. ಆಪರೇಷನ್ ಆಗಿ ಕೆಲವು ದಿನಗಳಾಗಿದ್ದವು. ಆ ಮಧ್ಯಾಹ್ನ, ಬಿಲ್ಬಾವೊದಲ್ಲಿ ಅಪರೂಪಕ್ಕೆ, ಮೋಡ ಸರಿದು ಕಿಟಕಿಯಿಂದ ಬಿಸಿಲು ಅವನ ಮಂಚದ ಮೇಲೆ ಬಿದ್ದಿತ್ತು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಅವನು ಕಣ್ಣು ತೆರೆದ.

“ಖಾಜಾ ಏನು?”

“ಹೌದೋ, ನಾನೇ.”

“ಊಟಾ ಮಾಡಿದಿ?”

ತುಟಿಯ ಹತ್ತಿರ ಕಿವಿ ಒಯ್ದು ಕೇಳಬೇಕಾದಂಥ ದನಿ. ಇನ್ನೊಬ್ಬರ ಹಸಿವಿನ ಬಗ್ಗೆ ಅವನು ಕೇಳದೆ ಒಂದು ವರ್ಷವಾಗಿತ್ತು. ನನ್ನ ಗೆಳೆಯ ಮರಳಿ ಬಂದಿದ್ದ. ನನಗೆ ಅಳು ಬಂತು, ಸಂತೋಷಕ್ಕೆ.

“ಮಾಡೀನಿ,” ಎಂದೆ. “ನೀ ಆರಾಮ ಮಕ್ಕೋ.”

“ಮತ್ತ ಕತ್ತಲಾಗ ಯಾಕ ಕುಂತೀದಿ? ದೀಪಾ ಹಚ್ಚು.”

ಬಿಸಿಲು ಅವನ ಮುಖದ ಮೇಲೆಯೇ ಇತ್ತು. ರೆಪ್ಪೆ ಮಿಟುಕಲಿಲ್ಲ. ನಾನು ಅವನ ಕೈ ಹಿಡಿದುಕೊಂಡೆ. ಬಾಯಿಗೆ ಬಂದದ್ದನ್ನು ಹೇಳಿದೆ.

“ಕರೆಂಟ್ ಹೋಗ್ಯಾದ.”

ಅವನ ಬೆರಳುಗಳು ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದವು.

“ಇಲ್ಲಿ ಕರೆಂಟ್ ಹೋಗಂಗಿಲ್ಲೋ ಖಾಜಾ,” ಎಂದ.